ಸೆಕೆಂಡ್ ಹ್ಯಾಂಡ್ ಮಿಕ್ಸಿ, ಗ್ರೈಂಡರ್‌ಗಳ ಬದಲಿ ಭಾಗ ಹುಡುಕುವುದು, ಮಾಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ ಜಿಲ್ಲೆಯ ಮನೆಗಳಲ್ಲಿ ಮಿಕ್ಸಿ, ಗ್ರೈಂಡರ್‌ಗಳು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವುದು ಹೊಸತೇನಲ್ಲ. ವರ್ಗವಾದ ನೌಕರರು ಹೊರಡುವ ಮುನ್ನ ಮಾರುತ್ತಾರೆ; ಪೇಟೆಯ ಮನೆಗೆ ಹೊಸದು ಬಂದಾಗ ಹಳೆಯದು ಊರಿನ ತೋಟದ ಮನೆ ಸೇರುತ್ತದೆ. ಹಾಗೆ ಬಂದ ಯಂತ್ರದ ಜೊತೆ ಬಿಲ್ಲು, ಕೈಪಿಡಿ, ವಾರಂಟಿ ಯಾವುದೂ ಬರುವುದಿಲ್ಲ, ಹಿಂದಿನವರು ಅದಕ್ಕೆ ಮಾಡಿಸಿದ ರಿಪೇರಿಯ ವಿವರವೂ ಬರುವುದಿಲ್ಲ. ಅಂಥ ಯಂತ್ರವನ್ನು ಮನೆಯಲ್ಲಿಟ್ಟುಕೊಂಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಒಂದು ಭಾಗ ಮುರಿದಿದೆ. ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ಏನು ಮಾಡಬೇಕು?

ಮೊದಲು ಪ್ಲಗ್ಗನ್ನು ಸಾಕೆಟ್ಟಿನಿಂದ ತೆಗೆಯಿರಿ; ಸ್ವಿಚ್ ಆರಿಸಿದರಷ್ಟೇ ಸಾಲದು. ಅನಂತರ ಮುರಿದ ಭಾಗದ ಚೂರುಗಳನ್ನೆಲ್ಲ ಹೆಕ್ಕಿ ಒಂದು ಡಬ್ಬಿಯಲ್ಲಿ ಹಾಕಿಡಿ. ಹೆಚ್ಚಿನವರು ಮುರಿದದ್ದನ್ನು ಕಸಕ್ಕೆ ಎಸೆದು, ಅಂಗಡಿಯಲ್ಲಿ ನಿಂತು ಕೈಸನ್ನೆಯಲ್ಲಿ ಅದರ ಆಕಾರ ತೋರಿಸುತ್ತಾರೆ. ಅಂಗಡಿಯವರಿಗಾಗಲಿ ಲೇತಿನವರಿಗಾಗಲಿ (ಲೋಹ ಕಡೆಯುವ ಯಂತ್ರದಲ್ಲಿ ಭಾಗ ಮಾಡಿಕೊಡುವವರು) ಮುರಿದ ತುಂಡಿಗಿಂತ ಒಳ್ಳೆಯ ಮಾದರಿ ಬೇರೆ ಸಿಗುವುದಿಲ್ಲ. ಬಿಚ್ಚುವ ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಸ್ಕ್ರೂ, ವಾಷರುಗಳನ್ನು ಬಿಚ್ಚಿದ ಕ್ರಮದಲ್ಲಿಯೇ ಹಳೆಯ ದಿನಪತ್ರಿಕೆಯ ಮೇಲೆ ಸಾಲಾಗಿ ಇಡಿ. ಜಾರಿನ ತಳದಲ್ಲಿರುವ ತೆಳುವಾದ ವಾಷರು ಬಚ್ಚಲ ಜಾಲಿಯಲ್ಲಿ ಜಾರಿಹೋದರೆ, ಅದೊಂದರಿಂದಲೇ ಹೊಸ ಬುಷ್ಷೂ (ಬ್ಲೇಡಿನ ಶಾಫ್ಟ್, ಅಂದರೆ ಕಡ್ಡಿ, ತಿರುಗುವ ಲೋಹದ ಕೊಳವೆ) ಸೋರಬಹುದು.

ಕಂಪನಿಯ ಹೆಸರೇ ಅಳಿಸಿಹೋಗಿದೆ. ಮಾದರಿ ಯಾವುದೆಂದು ತಿಳಿಯುವುದು ಹೇಗೆ?

ಯಂತ್ರವನ್ನು ಮಗುಚಿ ತಳ ನೋಡಿ. ಅಲ್ಲಿರುವ ಪಟ್ಟಿಯಲ್ಲಿ ವೋಲ್ಟ್, ವ್ಯಾಟ್, ಮಾದರಿಯ ಸಂಖ್ಯೆ ಇರುತ್ತವೆ. ಅಕ್ಷರ ಮಸುಕಾಗಿದ್ದರೆ ಟಾರ್ಚಿನ ಬೆಳಕನ್ನು ನೇರವಾಗಿ ಬಿಡದೆ ಓರೆಯಾಗಿ ಬಿಟ್ಟು ನೋಡಿ, ಒತ್ತಿದ ಅಕ್ಷರಗಳು ಎದ್ದು ಕಾಣುತ್ತವೆ. ಐಎಸ್‌ಐ ಮುದ್ರೆ ಇದ್ದರೆ ಅದರ ಮೇಲ್ಗಡೆ ಐಎಸ್ 4250 ಎಂದು ಇರುತ್ತದೆ, ಅದು ಗೃಹಬಳಕೆಯ ಮಿಕ್ಸಿಗಳಿಗೆ ಅನ್ವಯಿಸುವ ಭಾರತೀಯ ಮಾನದಂಡ. ಕೆಳಗಡೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಪರವಾನಗಿ ಪಡೆದ ತಯಾರಕರ ವಿವರ ಸಿಗುತ್ತದೆ. ಮೇಲಿನ ಸ್ಟಿಕ್ಕರ್ ಉದುರಿಹೋದ ಮಿಕ್ಸಿಗೆ ಇದು ಬಹಳ ಉಪಯೋಗದ ದಾರಿ, ಆದರೆ ಬಳಸುವವರು ಕಡಿಮೆ.

ಕೆಟ್ಟಿರುವ ಭಾಗ ಯಾವುದೆಂದು ಲಕ್ಷಣ ನೋಡಿ ಹೇಳಬಹುದೇ?

ಬಹುಮಟ್ಟಿಗೆ ಹೇಳಬಹುದು. ಮೋಟಾರು ಜೋರಾಗಿ ತಿರುಗುವ ಸದ್ದು ಬರುತ್ತಿದ್ದು, ಜಾರಿನೊಳಗಿನ ಬ್ಲೇಡ್ ಮಾತ್ರ ತಿರುಗದಿದ್ದರೆ, ಜೊತೆಗೆ ಮಿಕ್ಸಿಯ ತಲೆಯ ತಗ್ಗಿನಲ್ಲಿ ಕಪ್ಪು ರಬ್ಬರಿನ ಪುಡಿ ಬಿದ್ದಿದ್ದರೆ ಕಪ್ಲರಿನ (ಮೋಟಾರಿನ ಸುತ್ತನ್ನು ಜಾರಿನ ಬ್ಲೇಡಿಗೆ ದಾಟಿಸುವ ಹಲ್ಲಿನ ಬಿಲ್ಲೆ) ಹಲ್ಲು ಸವೆದಿದೆ. ಬಿಳಿಯ ಕಾಯಿಚಟ್ನಿಯಲ್ಲಿ ಕಪ್ಪು ಎಳೆ ಕಂಡರೆ ಅಥವಾ ಜಾರಿನ ಅಡಿಯಲ್ಲಿ ಜಿಡ್ಡುಜಿಡ್ಡಾದ ಕಪ್ಪು ನೀರು ನಿಂತರೆ ಬುಷ್ ಮತ್ತು ಸೀಲು ಹೋಗಿವೆ. ಅಂಥ ಜಾರಿನಲ್ಲಿ ಅರೆದದ್ದನ್ನು ತಿನ್ನಬಾರದು. ಮೋಟಾರು ಒಮ್ಮೆ ಓಡಿ ಒಮ್ಮೆ ನಿಲ್ಲುತ್ತಿದ್ದು, ತಳದ ಗಾಳಿಕಿಂಡಿಯಲ್ಲಿ ನೀಲಿ ಕಿಡಿ ಹೆಚ್ಚಾಗಿ ಕಾಣುತ್ತಿದ್ದರೆ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ಷನ್ನು ನೋಡಬೇಕು. ಯಂತ್ರ ಪೂರ್ತಿ ಸ್ತಬ್ಧವಾಗಿದ್ದರೆ, ಎಲ್ಲಕ್ಕಿಂತ ಮೊದಲು ತಳದಲ್ಲಿರುವ ಸಣ್ಣ ಕೆಂಪು ಗುಂಡಿಯನ್ನು ಒತ್ತಿ ನೋಡಿ. ಅದು ಓವರ್‌ಲೋಡ್ ಸ್ವಿಚ್. ಹೊರೆ ಹೆಚ್ಚಾದಾಗ ತಾನೇ ಹೊರಗೆ ಚಿಮ್ಮಿ ಕರೆಂಟನ್ನು ತಡೆಯುತ್ತದೆ. ಮೋಟಾರು ಆರಿದ ಮೇಲೆ ಒತ್ತಿದರೆ ಮತ್ತೆ ಕೂರುತ್ತದೆ.

ವೆಟ್ ಗ್ರೈಂಡರ್ ಗುಂಯ್ ಎನ್ನುತ್ತ ತಿರುಗದೆ ನಿಂತಿದ್ದು, ಪಾತ್ರೆಯನ್ನು ಕೈಯಿಂದ ತಳ್ಳಿದರೆ ಮಾತ್ರ ತಿರುಗತೊಡಗಿದರೆ ಹೆಚ್ಚಿನ ಸಲ ಮೋಟಾರಿಗೆ ಮೊದಲ ತಳ್ಳು ಕೊಡುವ ಕೆಪಾಸಿಟರ್ ದುರ್ಬಲವಾಗಿರುತ್ತದೆ. ಮೋಟಾರು ಓಡುತ್ತಿದ್ದು ಪಾತ್ರೆ ನಿಂತಿದ್ದರೆ ಬೆಲ್ಟ್ ಸಡಿಲಾಗಿದೆ ಅಥವಾ ಹರಿದಿದೆ.

ಕಪ್ಲರ್ ಪದೇ ಪದೇ ಮುರಿಯುತ್ತದೆ. ಲೋಹದಲ್ಲಿ ಗಟ್ಟಿಯಾಗಿ ಮಾಡಿಸಿಬಿಟ್ಟರೆ ಆಗದೇ?

ಎಲ್ಲರೂ ಕೇಳುವ ಪ್ರಶ್ನೆ ಇದು. ತಪ್ಪು ಉತ್ತರದಿಂದ ಹೆಚ್ಚು ನಷ್ಟವಾಗುವುದೂ ಇಲ್ಲಿಯೇ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಹೊಸನಗರದ ಕಡೆ ಇರುವ ನಮ್ಮ ಚಿಕ್ಕಪ್ಪನ ಮನೆಗೆ ಒಂದು ಹಳೆಯ ಮಿಕ್ಸಿ ಬಂದಿತ್ತು. ಮಳೆಗಾಲದಲ್ಲಿ ಕಪ್ಲರ್ ಹೋಯಿತು, ಹೊಂದುವಂಥದ್ದು ಸಿಗಲಿಲ್ಲ. ಪೇಟೆಗೆ ಹೋದಾಗ ಲೇತಿನಲ್ಲಿ ಅಲ್ಯೂಮಿನಿಯಮ್ಮಿನ ಕಪ್ಲರ್ ಮಾಡಿಸಿ ತಂದರು. ಕೆಲಸ ಅಚ್ಚುಕಟ್ಟಾಗಿತ್ತು, ಹಲ್ಲುಗಳು ಒಂದಕ್ಕೊಂದು ಸರಿಯಾಗಿ ಕೂರುತ್ತಿದ್ದವು. ಕೆಲವು ತಿಂಗಳ ಮೇಲೆ ಒಣಗಿದ ಅರಿಸಿನದ ಕೊಂಬನ್ನು ಪುಡಿ ಮಾಡುವಾಗ ಒಂದು ತುಂಡು ಬ್ಲೇಡಿನ ಕೆಳಗೆ ಸಿಕ್ಕಿಕೊಂಡಿತು. ಬ್ಲೇಡ್ ನಿಂತಿತು, ಕಪ್ಲರ್ ಮುರಿಯಲಿಲ್ಲ, ಆದ್ದರಿಂದ ಮೋಟಾರೂ ನಿಂತಿತು. ಕರೆಂಟು ಹರಿಯುತ್ತಲೇ ಇತ್ತು. ಚಿಕ್ಕಮ್ಮ ಪ್ಲಗ್ ಕೀಳುವಷ್ಟರಲ್ಲಿ ಅಡುಗೆಮನೆಯ ತುಂಬ ಸುಟ್ಟ ವಾರ್ನಿಷಿನ ವಾಸನೆ. ಮೋಟಾರಿನ ತಂತಿ ಸುತ್ತಿಕೊಡುವ ತೀರ್ಥಹಳ್ಳಿಯ ವೈಂಡಿಂಗ್ ಅಂಗಡಿಯಲ್ಲಿ ತಳ ಬಿಚ್ಚಿದಾಗ ಇನ್ನೊಂದು ಸಂಗತಿ ಕಂಡಿತು: ಓವರ್‌ಲೋಡ್ ಸ್ವಿಚ್ಚಿಗೆ ಹೋಗುವ ಎರಡು ವೈರುಗಳನ್ನು ಹಿಂದೆ ಯಾರೋ ನೇರವಾಗಿ ಹೆಣೆದು ಟೇಪ್ ಸುತ್ತಿದ್ದರು. ಕೆಂಪು ಗುಂಡಿ ಇತ್ತು, ಅದಕ್ಕೆ ಕೆಲಸ ಇರಲಿಲ್ಲ. ಅಂಗಡಿಯವರು ಚಿಕ್ಕಪ್ಪನಿಗೆ ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ: "ಸಾರ್, ಕಪ್ಲರ್ ಇರೋದೇ ಮುರಿಯೋದಕ್ಕೆ. ಅದು ಮುರಿದ್ರೆ ಮೋಟಾರು ಉಳೀತದೆ."

ಕಪ್ಲರನ್ನು ರಬ್ಬರು, ನೈಲಾನ್‌ಗಳಂಥ ಮೆದು ವಸ್ತುವಿನಲ್ಲಿ ಮಾಡುವುದು ಈ ಕಾರಣಕ್ಕೇ. ಜಾರು ಸಿಕ್ಕಿಕೊಂಡಾಗ ಅಗ್ಗದ ಹಲ್ಲು ಕಿತ್ತುಹೋಗಿ ದುಬಾರಿ ಮೋಟಾರು ಉಳಿಯಬೇಕು. ಆದುದರಿಂದ ಬದಲಿ ಭಾಗ ಮಾಡಿಸುವ ಮೊದಲು ಆ ಭಾಗ ಅಲ್ಲಿ ಇರುವುದು ಯಾತಕ್ಕೆ, ಮೊದಲು ಸವೆಯಲೆಂದೇ ಅದನ್ನು ಇಟ್ಟಿದ್ದಾರೆಯೇ ಎಂದು ಕೇಳಿಕೊಳ್ಳಬೇಕು. ಕಪ್ಲರ್ ಪದೇ ಪದೇ ಹೋಗುತ್ತಿದ್ದರೆ ತಪ್ಪು ಬಹುಶಃ ಕಪ್ಲರಿನದಲ್ಲ: ಜಾರಿನ ಬುಷ್ ಬಿಗಿದಿರಬಹುದು, ಜಾರು ಓರೆಯಾಗಿ ಕೂರುತ್ತಿರಬಹುದು, ಅಥವಾ ನೀರು ಹಾಕದೆ ಗಟ್ಟಿಯಾಗಿ ಅರೆಯುವ ಅಭ್ಯಾಸ ಇರಬಹುದು. ಬ್ಲೇಡನ್ನು ಬಟ್ಟೆಯಲ್ಲಿ ಹಿಡಿದು ಕೈಯಿಂದ ತಿರುಗಿಸಿ ನೋಡಿ. ಸಲೀಸಾಗಿ ತಿರುಗದಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಸೆಕೆಂಡ್ ಹ್ಯಾಂಡ್ ಮಿಕ್ಸಿ ಮನೆಗೆ ಬಂದ ದಿನವೇ ತಳ ಬಿಚ್ಚಿಸಿ, ಓವರ್‌ಲೋಡ್ ಸ್ವಿಚ್ಚಿನ ವೈರುಗಳು ಸರಿಯಾಗಿ ಇವೆಯೇ ಎಂದು ನೋಡಿಸುವುದೂ ಅಷ್ಟೇ ಮುಖ್ಯ.

ಹಳೆಯ ಕಪ್ಲರ್ ಬಿಚ್ಚಲು ಬರುತ್ತಿಲ್ಲ. ಯಾವ ಕಡೆಗೆ ತಿರುಗಿಸಬೇಕು?

ಮೋಟಾರಿನ ಮೇಲಿರುವ ಕಪ್ಲರ್, ಓಡುವಾಗ ತಾನಾಗಿ ಬಿಗಿಯಾಗುವಂತೆ ಮರೆ (ಸ್ಕ್ರೂವಿನ ಸುರುಳಿ ಗೆರೆ) ಕೊರೆದಿರುತ್ತದೆ. ಹಾಗಾಗಿ ತಳದ ಕಡೆಯಿಂದ ಶಾಫ್ಟನ್ನು ಅಲ್ಲಾಡದಂತೆ ಹಿಡಿದು, ಮೋಟಾರು ಓಡುವ ದಿಕ್ಕಿಗೇ ಕಪ್ಲರನ್ನು ತಿರುಗಿಸಿದರೆ ಅದು ಬಿಚ್ಚಿಕೊಳ್ಳುತ್ತದೆ. ಜಾರಿನ ತಳದ ಕಪ್ಲರ್ ಇದಕ್ಕೆ ವಿರುದ್ಧ: ಬ್ಲೇಡನ್ನು ದಪ್ಪ ಬಟ್ಟೆಯಲ್ಲಿ ಹಿಡಿದು, ಓಡುವ ದಿಕ್ಕಿಗೆ ಎದುರಾಗಿ ತಿರುಗಿಸಬೇಕು. ಓಡುವ ದಿಕ್ಕು ನೆನಪಿಲ್ಲದಿದ್ದರೆ ಜಾರಿಲ್ಲದೆ ಒಂದು ಕ್ಷಣ ಚಾಲೂ ಮಾಡಿ ಆರಿಸಿ, ನಿಲ್ಲುವಾಗ ನೋಡಿಕೊಂಡು, ಅನಂತರ ಪ್ಲಗ್ ತೆಗೆಯಿರಿ. ತುಕ್ಕು ಹಿಡಿದಿದ್ದರೆ ಎರಡು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಸುತ್ತಿಗೆ ಪೆಟ್ಟು ಬೇಡ, ಶಾಫ್ಟ್ ಬಾಗುತ್ತದೆ.

ವರ್ನಿಯರ್ (ಸೂಕ್ಷ್ಮ ಅಳತೆಯ ಸಾಧನ) ಇಲ್ಲದೆ ಅಳತೆ ತೆಗೆಯುವುದು ಹೇಗೆ?

ಕಪ್ಲರಿನ ಮೇಲೆ ತೆಳು ಹಾಳೆ ಇಟ್ಟು ಪೆನ್ಸಿಲ್ ಉಜ್ಜಿದರೆ, ಮಕ್ಕಳು ನಾಣ್ಯದ ಅಚ್ಚು ತೆಗೆಯುವಂತೆ, ಹಲ್ಲುಗಳ ಸಂಖ್ಯೆ ಮತ್ತು ಅಂತರ ಹಾಳೆಯ ಮೇಲೆ ಮೂಡುತ್ತವೆ. ತೂತಿನ ಅಳತೆಗೆ ಡ್ರಿಲ್ ಬಿಟ್ಟುಗಳ ಹಿಂಬದಿಯನ್ನು ಒಂದೊಂದಾಗಿ ತೂರಿಸಿ ನೋಡಿ. ಅಲುಗಾಡದೆ ಕೂರುವ ಬಿಟ್ಟಿನ ಮೇಲಿನ ಸಂಖ್ಯೆಯೇ ತೂತಿನ ಅಳತೆ. ಆದರೆ ಲೇತಿನಲ್ಲಿ ಮಾಡಿಸುವ ಭಾಗಕ್ಕೆ ಈ ಉಪಾಯ ಸಾಲದು. ಬುಷ್ಷಿಗೂ ಶಾಫ್ಟಿಗೂ ನಡುವಿನ ಸಡಿಲು ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕದಲ್ಲಿರುತ್ತದೆ, ಆದುದರಿಂದ ಶಾಫ್ಟನ್ನೇ ಒಯ್ದು ಅವರ ಕೈಗೆ ಕೊಡಿ.

ಶಿವಮೊಗ್ಗದಲ್ಲಿ ಎಲ್ಲಿ ಹುಡುಕಬೇಕು?

ದುರ್ಗಿಗುಡಿ, ನೆಹರೂ ರಸ್ತೆ, ಗಾಂಧಿ ಬಜಾರ್, ಬಿ.ಎಚ್. ರಸ್ತೆಗಳ ಸುತ್ತ ಒಂದು ಬೆಳಗ್ಗೆ ನಡೆದರೆ ಸಾಮಾನ್ಯ ಭಾಗಗಳ ಹುಡುಕಾಟ ಮುಗಿಯುತ್ತದೆ. ಹೊಸ ಮಿಕ್ಸಿ ಮಾರುವ ದೊಡ್ಡ ಅಂಗಡಿಗಿಂತ ಮಿಕ್ಸಿ ರಿಪೇರಿ ಮಾಡುವ ಸಣ್ಣ ಅಂಗಡಿಯಲ್ಲಿ ಮೊದಲು ಕೇಳಿ. ಹಳೆಯ ಮಾದರಿಗಳ ಕಪ್ಲರು, ಜಾರಿನ ತಳ, ಬುಷ್ಷುಗಳು ಅಂಥ ಅಂಗಡಿಯ ಡಬ್ಬಿಗಳಲ್ಲಿ ಸಿಗುವ ಸಂಭವ ಹೆಚ್ಚು. ಬೇರಿಂಗ್, ಬೆಲ್ಟ್‌ಗಳಿಗೆ ಬೇರಿಂಗ್ ಅಂಗಡಿ ಅಥವಾ ಪಂಪ್‌ಸೆಟ್ ಬಿಡಿಭಾಗದ ಅಂಗಡಿ ಸರಿ. ಲೇತ್ ಕೆಲಸಕ್ಕೆ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ, ಇಲ್ಲವೇ ಭದ್ರಾವತಿಯಲ್ಲಿ ವಿಚಾರಿಸಿ. 1923ರಲ್ಲಿ ಕೆಲಸ ಆರಂಭಿಸಿದ ಕಬ್ಬಿಣದ ಕಾರ್ಖಾನೆಯಿಂದಾಗಿ ಲೋಹದ ಕೆಲಸ ಆ ಊರಿಗೆ ತಲೆಮಾರುಗಳಿಂದ ಗೊತ್ತು.

ನಾವಿರುವುದು ಹಳ್ಳಿಯಲ್ಲಿ. ಒಂದು ಸಣ್ಣ ಭಾಗಕ್ಕಾಗಿ ಬೆಂಗಳೂರಿಗೆ ಹೋಗಬೇಕೇ?

ಬೇಡ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಪರಿಚಯದವರು ಯಾರಾದರೂ ಹುಡುಕಿ ಕಳಿಸಬಹುದು. ಅಂಚೆ, ಕೊರಿಯರ್‌ಗಳ ಜೊತೆಗೆ ಕೆಎಸ್‌ಆರ್‌ಟಿಸಿಯ 'ನಮ್ಮ ಕಾರ್ಗೋ' ಸೇವೆಯೂ 2021ರಿಂದ ಇದೆ. ವೆಟ್ ಗ್ರೈಂಡರಿನ ಭಾಗವಾದರೆ ಕೊಯಮತ್ತೂರಿನ ಮಾರಾಟಗಾರರನ್ನು ಕೇಳುವುದು ಒಳ್ಳೆಯದು. ಭೌಗೋಳಿಕ ಸೂಚಕ (ಊರಿನ ಹೆಸರಿಗೆ ಸಿಗುವ ಜಿಐ ಮಾನ್ಯತೆ) ಪಡೆದ ಗ್ರೈಂಡರುಗಳ ಊರು ಅದು. ಕೇಳುವಾಗ ಮುರಿದ ಭಾಗದ ಫೋಟೋವನ್ನು ಒಂದು ಸ್ಕೇಲಿನ ಪಕ್ಕ ಇಟ್ಟು ತೆಗೆದು ಕಳಿಸಿ, ಜೊತೆಗೆ ತಳದ ಪಟ್ಟಿಯ ಫೋಟೋವನ್ನೂ ಕಳಿಸಿ.

ಬೇರಿಂಗ್, ಬೆಲ್ಟ್‌ಗಳಿಗೂ ಅದೇ ಕಂಪನಿಯದ್ದೇ ಬೇಕೇ?

ಬೇಕಿಲ್ಲ, ಮತ್ತು ಇದು ಸಮಾಧಾನದ ವಿಷಯ. ಬಾಲ್ ಬೇರಿಂಗಿನ ಅಂಚನ್ನು ಸೀಮೆಎಣ್ಣೆಯಲ್ಲಿ ಒರೆಸಿ ನೋಡಿದರೆ ಒಂದು ಸಂಖ್ಯೆ ಕೊರೆದಿರುತ್ತದೆ, ಆ ಸಂಖ್ಯೆಯ ಅಳತೆ ಎಲ್ಲ ತಯಾರಕರಲ್ಲೂ ಒಂದೇ. 608 ಎಂದರೆ ಒಳತೂತು 8, ಹೊರಸುತ್ತು 22, ದಪ್ಪ 7 ಮಿ.ಮೀ.; 6201 ಎಂದರೆ 12, 32, 10; 6202 ಎಂದರೆ 15, 35, 11. ಸಂಖ್ಯೆಯ ಮುಂದೆ ಝಡ್‌ಝಡ್ ಎಂದಿದ್ದರೆ ಎರಡೂ ಬದಿಗೆ ತಗಡಿನ ಮುಚ್ಚಳ, 2ಆರ್‌ಎಸ್ ಎಂದಿದ್ದರೆ ರಬ್ಬರಿನ ಮುಚ್ಚಳ. ಹಿಟ್ಟು, ನೀರು ಸಿಡಿಯುವ ಗ್ರೈಂಡರಿಗೆ ರಬ್ಬರಿನದೇ ಮೇಲು.

ಹಳೆಯ ದೊಡ್ಡ ಗ್ರೈಂಡರುಗಳ ವಿ-ಬೆಲ್ಟಿಗೂ ಹೀಗೆಯೇ. ಎ-36 ಎಂದಿದ್ದರೆ ಎ ಎಂಬುದು ಬೆಲ್ಟಿನ ಅಡ್ಡಕೊಯ್ತ, ಅಂದರೆ ಮೇಲ್ಬದಿ 13 ಮತ್ತು ದಪ್ಪ 8 ಮಿ.ಮೀ.; 36 ಎಂಬುದು ಒಳಸುತ್ತಳತೆಯ ಇಂಚು. ಬರಹ ಅಳಿಸಿದ್ದರೆ ಬೆಲ್ಟಿನ ಒಳಮೈಗೆ ದಾರ ಸುತ್ತಿ ಅಳೆಯಿರಿ. ಆದರೆ ಹಳೆಯ ಬೆಲ್ಟ್ ಹಿಗ್ಗಿರುತ್ತದೆ, ಆದ್ದರಿಂದ ಸಿಕ್ಕ ಅಳತೆಯ ಜೊತೆ ಒಂದು ಇಂಚು ಕಡಿಮೆ ಇರುವುದನ್ನೂ ಕೇಳಿ, ಹಾಕಿ ನೋಡುವ ಅವಕಾಶ ಇಟ್ಟುಕೊಳ್ಳಿ.

ಕಾರ್ಬನ್ ಬ್ರಷ್ ಹೊಂದುವುದು ಸಿಗಲಿಲ್ಲ. ಸ್ವಲ್ಪ ದೊಡ್ಡದನ್ನು ಉಜ್ಜಿ ಹಾಕಬಹುದೇ?

ಹಾಕಬಹುದು, ತಾಳ್ಮೆ ಇದ್ದರೆ. ಸಮತಟ್ಟಾದ ಗಾಜಿನ ಮೇಲೆ ನುಣುಪು ಮರಳು ಕಾಗದ ಹಾಸಿ, ಬ್ರಷ್ಷನ್ನು ಮಲಗಿಸಿ, ನಾಲ್ಕೂ ಬದಿಯನ್ನು ಸ್ವಲ್ಪಸ್ವಲ್ಪವೇ ಉಜ್ಜಬೇಕು. ಹೋಲ್ಡರಿನಲ್ಲಿ ಅದು ತನ್ನ ಸ್ಪ್ರಿಂಗಿನಿಂದಲೇ ಸರಾಗವಾಗಿ ಜಾರಬೇಕು. ಅಲುಗಾಡಲೂ ಬಾರದು, ಸಿಕ್ಕಿಕೊಳ್ಳಲೂ ಬಾರದು. ಸವೆದದ್ದು ಒಂದೇ ಆದರೂ ಎರಡನ್ನೂ ಒಟ್ಟಿಗೆ ಬದಲಿಸಿ. ಹಾಕಿದ ಮೇಲೆ ಕೆಲವು ನಿಮಿಷ ಖಾಲಿ ಓಡಿಸಿದರೆ ಬ್ರಷ್ಷಿನ ತುದಿ ಕಾಮ್ಯುಟೇಟರಿನ (ಬ್ರಷ್ ತಾಗುವ ತಾಮ್ರದ ಉರುಳೆ) ಬಾಗಿಗೆ ಹೊಂದಿಕೊಳ್ಳುತ್ತದೆ, ಆಗ ಕಿಡಿಯೂ ಕಡಿಮೆಯಾಗುತ್ತದೆ.

ಜಾರಿನ ಬುಷ್ಷನ್ನು ಲೇತಿನಲ್ಲಿ ಮಾಡಿಸಬಹುದೇ?

ಮಾಡಿಸಬಹುದು, ಆದರೆ ಯಾವ ಲೋಹದಲ್ಲಿ ಎಂಬುದನ್ನು ನೀವೇ ಕೇಳಿ ತಿಳಿದುಕೊಳ್ಳಬೇಕು. ಲೇತಿನವರಲ್ಲಿ ಬುಷ್ಷಿಗೆಂದು ಸಾಮಾನ್ಯವಾಗಿ ಇರುವುದು ಗನ್‌ಮೆಟಲ್ ಸರಳು. ಪಂಪ್‌ಸೆಟ್ಟಿಗೆ ಅದು ಒಳ್ಳೆಯ ಲೋಹ. ಆದರೆ ಗನ್‌ಮೆಟಲ್ಲಿನ ಬಹುಬಳಕೆಯ ಬಗೆಯಲ್ಲಿ ತಾಮ್ರ 85, ತವರ, ಸತು, ಸೀಸ ತಲಾ 5 ಭಾಗ ಇರುತ್ತವೆ. ಹುಣಸೆಹುಳಿ, ಮಾವಿನಕಾಯಿ, ನಿಂಬೆಹುಳಿ ಹಾಕಿ ಅರೆಯುವ ಜಾರಿನಲ್ಲಿ, ಚಟ್ನಿಗೆ ತಗಲುವ ಜಾಗದಲ್ಲಿ ಸೀಸದ ಲೋಹ ಇರಬಾರದು. ಆದ್ದರಿಂದ ಜಾರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ಬುಷ್ಷು, ಶಾಫ್ಟು, ಸೀಲು ಸೇರಿದ ಸಿದ್ಧ ಜೋಡಿ ಸಿಗುವವರೆಗೆ ಬೇರೆ ಜಾರು ಬಳಸಿ, ಇಲ್ಲವೇ ಒರಳಿನಲ್ಲಿ ಅರೆಯಿರಿ. ಗ್ರೈಂಡರಿನ ಪುಲ್ಲಿ, ಮೋಟಾರು ಕೂರಿಸುವ ಪಟ್ಟಿ, ಬೆಲ್ಟು ಬಿಗಿಮಾಡುವ ಬೋಲ್ಟು ಮುಂತಾಗಿ ಆಹಾರಕ್ಕೆ ತಾಗದ ಭಾಗಗಳನ್ನು ಧೈರ್ಯವಾಗಿ ಲೇತಿನಲ್ಲಿ ಮಾಡಿಸಿ.

3ಡಿ ಮುದ್ರಣದಲ್ಲಿ ಮಾಡಿಸಿದರೆ ಹೇಗೆ?

ವೇಗ ಬದಲಿಸುವ ಗುಂಡಿ, ತಳದ ಕಾಲು, ವೈರು ಸುತ್ತುವ ಕೊಕ್ಕೆ ಇಂಥವಕ್ಕೆ ಬಹಳ ಒಳ್ಳೆಯದು. ಗುಂಡಿ ಮಾಡಿಸುವಾಗ ಸ್ವಿಚ್ಚಿನ ಕಡ್ಡಿ ದುಂಡಗಿದೆಯೇ ಅಥವಾ ಒಂದು ಬದಿ ಚಪ್ಪಟೆಯಾಗಿದೆಯೇ ಎಂದು ನೋಡಿ ಹೇಳಿ. ಮುದ್ರಣಕ್ಕೆ ಹೆಚ್ಚಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್ಸಿಗೇ ಮೆತ್ತಗಾಗುತ್ತದೆ, ಹಾಗಾಗಿ ಮೋಟಾರಿನ ಬಿಸಿ ತಾಗುವ ಕಡೆ ಅದು ನಿಲ್ಲುವುದಿಲ್ಲ. ಪದರಪದರವಾಗಿ ಕಟ್ಟಿದ ಭಾಗದ ಸಂದುಗಳಲ್ಲಿ ಹಿಟ್ಟು ಸೇರಿ ಹಳಸುವುದರಿಂದ ಜಾರಿನ ಒಳಭಾಗಕ್ಕೂ ಅದು ಬೇಡ.

ಮಾಡಿಸಲೇಬಾರದ ಭಾಗಗಳು ಯಾವುವು?

ಮಿಕ್ಸಿಯ ಬ್ಲೇಡ್. ಅದು ನಿಮಿಷಕ್ಕೆ 18,000ದಿಂದ 20,000 ಸುತ್ತು ತಿರುಗುವ ಭಾಗ. ತೂಕ ಒಂದು ಕಡೆ ಸ್ವಲ್ಪ ಹೆಚ್ಚಾದರೂ ಜಾರು ನಡುಗಿ ಬುಷ್ ಒಡೆಯುತ್ತದೆ. ಪ್ರೆಶರ್ ಕುಕ್ಕರಿನ ಸೇಫ್ಟಿ ವಾಲ್ವ್. ನೀರು ಬತ್ತಿ ಬಿಸಿ ಮಿತಿಮೀರಿದಾಗ ಕರಗಿ ಆವಿಯನ್ನು ಹೊರಬಿಡಲೆಂದೇ ಅದರೊಳಗೆ ಬೇಗ ಕರಗುವ ಲೋಹ ಇಟ್ಟಿರುತ್ತಾರೆ. ಅದರ ಜಾಗಕ್ಕೆ ಬೋಲ್ಟ್ ಬಿಗಿದ ಹಳೆಯ ಕುಕ್ಕರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ಒಲೆಯ ಮೇಲಿಟ್ಟ ಸಿಡಿಮದ್ದೇ ಸರಿ. ಇಸ್ತ್ರಿಪೆಟ್ಟಿಗೆ, ರೈಸ್ ಕುಕ್ಕರುಗಳ ಥರ್ಮಲ್ ಫ್ಯೂಸನ್ನು (ಬಿಸಿ ಮಿತಿಮೀರಿದಾಗ ಕರೆಂಟು ಕಡಿಯುವ ಭಾಗ) ತೆಗೆದು ವೈರು ಜೋಡಿಸುವುದೂ ಇದೇ ತಪ್ಪು. ಕಪ್ಲರಿನಂತೆ ಇವೂ ಮೊದಲು ಸೋಲಬೇಕಾದ ಭಾಗಗಳು, ಆದರೆ ಇಲ್ಲಿ ಹೋಗುವುದು ಮೋಟಾರಲ್ಲ, ಜೀವ.

ಅಮೆರಿಕದಿಂದ ಬಂದ ಯಂತ್ರಕ್ಕೆ ಇಲ್ಲಿ ಭಾಗ ಸಿಗುತ್ತದೆಯೇ?

ಕಷ್ಟ. ಅಲ್ಲಿಯ ಮನೆಬಳಕೆಯ ವಿದ್ಯುತ್ತು 120 ವೋಲ್ಟ್, ಇಲ್ಲಿಯದು 230. ವೋಲ್ಟೇಜ್ ಇಳಿಸುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಹಚ್ಚಿದರೆ ಮೋಟಾರೇ ಸುಡುತ್ತದೆ. ಮರೆಗಳೂ ಇಂಚಿನ ಲೆಕ್ಕದಲ್ಲಿರುವ ಸಂಭವ ಇರುವುದರಿಂದ ಇಲ್ಲಿಯ ನಟ್ಟು ಕೂರುವುದಿಲ್ಲ. ಕಳಿಸಿದ ಮಗನಿಗೋ ಮಗಳಿಗೋ ಹೇಳಿ ಭಾಗವನ್ನೂ ಅಲ್ಲಿಂದಲೇ ತರಿಸಿ.

ಸರ್ವಿಸ್ ಸೆಂಟರಿನವರು ಭಾಗ ಇಲ್ಲ, ಹೊಸದು ಕೊಳ್ಳಿ ಎನ್ನುತ್ತಾರೆ. ಏನು ಮಾಡಬಹುದು?

ಭಾಗದ ಹೆಸರು, ಮಾದರಿ ಸಂಖ್ಯೆ ಬರೆದು ಲಿಖಿತವಾಗಿ ಕೇಳಿ, ಉತ್ತರವನ್ನೂ ಲಿಖಿತವಾಗಿ ಪಡೆಯಿರಿ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಿದೆ. ತಯಾರಕರು ಬಿಡಿಭಾಗ ಮತ್ತು ರಿಪೇರಿಯ ಮಾಹಿತಿಯನ್ನು ಗ್ರಾಹಕರಿಗೆ ಕೊಡಲಿ ಎಂಬುದು ಅದರ ಉದ್ದೇಶ, ಗೃಹೋಪಯೋಗಿ ಉಪಕರಣಗಳೂ ಅದರಲ್ಲಿ ಸೇರಿವೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲಿಯೇ ಮಾತನಾಡಿ ದೂರು ದಾಖಲಿಸಬಹುದು.

ಮಳೆಗಾಲದಲ್ಲಿ ಹೊಸ ಭಾಗಗಳೂ ಬೇಗ ಕೆಡುತ್ತವೆ. ಏಕೆ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಅಡುಗೆಮನೆಗಳ ಗೋಡೆಯೇ ಬೆವರುತ್ತದೆ. ಆ ತೇವ ಕಾಮ್ಯುಟೇಟರಿನ ತಾಮ್ರವನ್ನು ಕಪ್ಪಾಗಿಸುತ್ತದೆ, ಬೇರಿಂಗಿಗೆ ತುಕ್ಕು ತರುತ್ತದೆ. ಯಂತ್ರವನ್ನು ಗೋಡೆಗೆ ತಾಗಿಸದೆ ಮರದ ಹಲಗೆಯ ಮೇಲೆ ಇಡಿ, ಪ್ಲಾಸ್ಟಿಕ್ ಹೊದಿಕೆಯ ಬದಲು ಹತ್ತಿಬಟ್ಟೆ ಹೊದಿಸಿ, ಜಾರುಗಳನ್ನು ತೊಳೆದ ಮೇಲೆ ಬೋರಲು ಹಾಕಿ. ಬಳಕೆ ಇಲ್ಲದಿದ್ದರೂ ವಾರಕ್ಕೊಮ್ಮೆ ಒಂದು ನಿಮಿಷ ಓಡಿಸಿ. ಕರೆಂಟು ಹೋದ ಕೂಡಲೇ ಪ್ಲಗ್ ತೆಗೆಯಿರಿ, ಬಂದ ಮೇಲೂ ಹತ್ತು ನಿಮಿಷ ಬಿಟ್ಟು ಹಾಕಿ. ದೀಪ ಮಂಕಾಗಿರುವಷ್ಟು ವೋಲ್ಟೇಜ್ ಕಡಿಮೆ ಇದ್ದಾಗ ಗ್ರೈಂಡರ್ ಹಚ್ಚಬೇಡಿ.

ಹಳೆಯ ಯಂತ್ರಕ್ಕೆ ಎಲ್ಲಿಯವರೆಗೆ ಖರ್ಚು ಮಾಡಬಹುದು?

ಕಪ್ಲರ್, ಬ್ರಷ್, ಬೇರಿಂಗ್, ಬೆಲ್ಟ್, ಜಾರಿನ ಬುಷ್ ಇವಕ್ಕೆ ಖರ್ಚು ಮಾಡಲು ಹಿಂಜರಿಯಬೇಡಿ. ಆರ್ಮೇಚರ್ (ಮೋಟಾರಿನ ತಂತಿ ಸುತ್ತಿದ, ತಿರುಗುವ ಭಾಗ) ಸುಟ್ಟಿದ್ದರೆ ನಿಂತು ಯೋಚಿಸಿ. ಆಗ ಇನ್ನೊಂದು ದಾರಿಯಿದೆ: ಅದೇ ಮಾದರಿಯ ಇನ್ನೊಂದು ಕೆಟ್ಟ ಮಿಕ್ಸಿ ಗುಜರಿಯಲ್ಲೋ ರಿಪೇರಿ ಅಂಗಡಿಯ ಮೂಲೆಯಲ್ಲೋ ಸಿಗುತ್ತದೆಯೇ ಎಂದು ಕೇಳಿ. ಒಂದರ ಮೋಟಾರು, ಇನ್ನೊಂದರ ಜಾರು ಸೇರಿ ಒಂದು ಗಟ್ಟಿ ಯಂತ್ರ ಆಗುತ್ತದೆ. ಉಳಿದ ಸ್ವಿಚ್ಚು, ಸ್ಕ್ರೂ, ಕಾಲುಗಳನ್ನು ಎಸೆಯದೆ ಹೆಸರು ಬರೆದ ಡಬ್ಬಿಯಲ್ಲಿ ತೆಗೆದಿಡಿ.